ಅಡಿವೆವ್ವ ಹೊಟ್ಟೆ ನೋಡಿ ಹೇಳಿದ್ದು

ಬಸಿರಿಯರ ಹೊಟ್ಟೆ ನೋಡಿ ಗಂಡೋ ಹೆಣ್ಣೋ ಹೇಳುವುದರಲ್ಲಿ ಹಿರೇಕೆರೂರಿನ ಅಡಿವೆವ್ವನದು ದೊಡ್ಡ ಹೆಸರು. ಅರ್ಧಕ್ಕರ್ಧ ಸುಳ್ಳಾಗುತ್ತಿತ್ತು. ಸುಳ್ಳಾದಾಗ, "ನಾ ಹೇಳಿದ್ದು ನೀ ಸರಿ ಕೇಳಲಿಲ್ಲ ಬಿಡವಾ" ಎನ್ನುತ್ತ ಎಲೆ ಅಡಿಕೆ ಬಾಯಿಗಿಡುತ್ತಿದ್ದಳು.

ಸೊಸೆ ಶ್ವೇತಾಳ ಮೊದಲ ಬಸಿರಿಗೆ "ಗಂಡು" ಎಂದಳು. ಗಂಡೇ ಆಯಿತು. ಏಳನೇ ತಿಂಗಳ ಸೀಮಂತ, ಕುಬುಸ ಮಾಡಿದ ವಾರದಲ್ಲೇ ನಡುಮನೆಯಲ್ಲಿ ಬಂತು. ಅಳಲಿಲ್ಲ.

ಅಂದಿನಿಂದ ಬಸಿರಿ ಎದುರಾದರೆ ಅಡಿವೆವ್ವ ಗೋಡೆ ನೋಡುತ್ತ ನಡೆಯುತ್ತಿದ್ದಳು. ನಡುಮನೆ ದಾಟುವಾಗ ಮಾತ್ರ ನಿಂತು ಕಿವಿಗೊಡುವಳು, ಅಳದೆ ಹೋದದ್ದು ಈಗಲಾದರೂ ಅತ್ತೀತೇನೋ ಎಂಬಂತೆ.

ಶ್ವೇತಾಗೆ ಇದ್ದದ್ದು ಲೂಪಸ್, ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿ ಬೀಳುವ ರೋಗ. ಎರಡನೇ ಬಸಿರಿನಲ್ಲಿ ಹಾವೇರಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಮೊದಲೇ ಹೇಳಿದ್ದರು: "ಈ ಸಲಾನೂ ಬಿಪಿ ಏರೂ ಸಂಭವ ಜಾಸ್ತಿ ಐತಿ. ಕೈ, ಮುಖ ಬಾತ್ರ ಅವತ್ತ ಕರಕೊಂಡು ಬರ್ರಿ."

"ಹೊಟ್ಟಿ ಬಿಟ್ಟು ರಕ್ತ ನೋಡಿ ಹೇಳತಾರಂತ" ಎಂದು ಅಡಿವೆವ್ವ ಮೂಗು ಮುರಿದಳು. ಮುರಿದ ಮೂಗಿನಲ್ಲೇ ದಿನಾ ಬೆಳಿಗ್ಗೆ ಸೊಸೆಯ ಮುಖ ನೋಡುತ್ತಿದ್ದಳು.

ಮತ್ತೆ ಕುಬುಸ ಬಂತು. ಹಸಿರು ಬಳೆ ತೊಡಿಸಲು ಹಾಜರಾಬಿ ಬಂದಳು. ಎಡಗೈಗೆ ಹೇಗೋ ಏರಿದವು. ಬಲಗೈಯ ಗಿಣ್ಣಿನಲ್ಲಿ ಬಳೆ ಸಿಕ್ಕಿಕೊಂಡಿತು.

"ಸೊಸಿಗೆ ತುಪ್ಪ ಭಾಳ ಉಣಿಸೀರಿ" ಎಂದಳು ಹಾಜರಾಬಿ. "ಸಾಬೂನು ತರ್ರಿ."

ಹೆಂಗಸರು ನಕ್ಕರು. ಸಾಬೂನು ತಂದ ಅಡಿವೆವ್ವ ಹೊಸ್ತಿಲಲ್ಲೇ ನಿಂತಳು. ಹೋದ ಸಲವೂ ಇದೇ ಕೈ, ಇದೇ ನಗು, ಸಾಬೂನು ತಂದವಳೂ ತಾನೇ. ಬಂದು ಸೊಸೆಯ ಮುಂಗೈ ಒತ್ತಿದಳು. ಬಿದ್ದ ಗುಳಿ ಹಾಗೇ ಉಳಿಯಿತು.

"ಸಾಕು, ಬಳಿ ಬ್ಯಾಡ. ಶರಣೂ, ಗಾಡಿ ತಗಿ" ಎಂದು ಮಗನನ್ನು ಕರೆದಳು.

"ಒಂದ ಕೈ ಬರಿದು ಬಿಟ್ಟು ಎಬ್ಬಿಸಿದ್ರ ಅಪಶಕುನ ಅಕ್ಕಾ" ಎಂದಳು ನೆರೆಯ ದಾನವ್ವ.

"ಶಕುನ ನನಗ ಹೇಳಬ್ಯಾಡ. ಅದರಾಗ ನಾ ನಪಾಸ ಆದಾಕಿ."

ತೊಡದೆ ಉಳಿದ ಬಳೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಗಾಡಿ ಹತ್ತಿದಳು.

ಬಿಪಿ ಏರಿತ್ತು. "ವ್ಯಾಳ್ಯಾಕ್ಕ ಬಂದೀರಿ" ಎಂದರು ಡಾಕ್ಟರು. "ಕೂಸಿನ್ನ ಎಷ್ಟು ದಿನ ಒಳಗ ಇಟಗೊಳ್ಳಾಕ ಆಗತೈತಿ, ನೋಡೂಣು."

ಮಂಚದ ಮೇಲಿಂದ ಶ್ವೇತಾ ಕೇಳಿದಳು: "ಅತ್ತಿ, ಈ ಸಲ ಹೊಟ್ಟಿ ನೋಡಿ ಏನೂ ಹೇಳಲಿಲ್ಲಲ್ರಿ?"

ಅಡಿವೆವ್ವ ಗೋಡೆಯಿಂದ ಕಣ್ಣು ಕಿತ್ತು ಆ ಹೊಟ್ಟೆಯನ್ನು ಬಹಳ ಹೊತ್ತು ನೋಡಿದಳು.

"ಅಳೂ ಕೂಸು" ಎಂದಳು.

ಸೆರಗಿನ ಗಂಟಿನಲ್ಲಿ ಬಳೆ ಕಿಣಿಕಿಣಿ ಎಂದವು. ಅವಳು ಅಲುಗಾಡಿರಲಿಲ್ಲ. ನಡುಮನೆಯಲ್ಲಿ ನಿಲ್ಲುವಾಗಿನಂತೆ ಕಿವಿಗೊಟ್ಟು, ಗಂಟನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿದು ಕುಳಿತಳು.