ಸಲಾಯಿನ್ ನಳಿಕೆಗೆ ಅತ್ತೆಯ ನೂಲು

ಬನಹಟ್ಟಿಯ ಮನೆಯಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತ ಕೂತಿದ್ದೆ. ಹೊಟ್ಟೆಯ ಬಲಗಡೆ ಚಳಕ್ ಎಂದಿತು. ವಾಯು ಇರಬೇಕೆಂದು ಅತ್ತೆ ಓಮಿನ ಕಾಳು ಅಗಿಯಲು ಕೊಟ್ಟರು. ಮರುದಿನ ನೆಟ್ಟಗೆ ನಿಲ್ಲಲೂ ಆಗದೆ, ಆಗಿನ ಮುಂಬೈ ಸರಕಾರದ ಬಸ್ಸಿನಲ್ಲಿ ಮುದುಡಿ ಕೂತು ಅತ್ತೆಯೊಂದಿಗೆ ಜಮಖಂಡಿಯ ದವಾಖಾನೆಗೆ ಬಂದೆ.

ಅಪೆಂಡಿಕ್ಸ್. ಅಂದೇ ಆಪರೇಷನ್.

ಎಚ್ಚರಾದಾಗ ತಲೆಯ ಮೇಲೆ ಸಲಾಯಿನ್ನಿನ ಗಾಜಿನ ಬಾಟಲಿ ತೂಗುತ್ತಿತ್ತು. ಅದರಿಂದ ಇಳಿದ ರಬ್ಬರ್ ನಳಿಕೆ ನನ್ನ ಎಡತೋಳಿನ ಸೂಜಿಗೆ ಸೇರಿತ್ತು. ನರ್ಸಬಾಯಿ ಅತ್ತೆಗೆ ಖಡಕ್ಕಾಗಿ ಹೇಳಿದರು: "ನಳಿಕಿ, ಸೂಜಿ ಯಾವದೂ ಮುಟ್ಟಬ್ಯಾಡ್ರಿ. ಕುದಿಸಿ ಹಾಕೇವಿ. ಹೊಲಸು ಹೊಕ್ಕರ ಸೀದಾ ರಗತಕ್ಕ ಹೋಗ್ತೈತಿ."

ಅತ್ತೆ ತಲೆಯಾಡಿಸಿದರು. ಆದರೆ ಕೆಟ್ಟಿದ್ದೇನಾದರೂ ಕಣ್ಣಿಗೆ ಬಿದ್ದರೆ ಅವರ ಕೈ ಸುಮ್ಮನಿರುವ ಕೈಯಲ್ಲ.

ನರ್ಸಬಾಯಿ ಆಚೆ ಹೋದ ಮೇಲೆ ನಳಿಕೆಯ ಜೋಡಣೆ ಹನಿಹನಿಯಾಗಿ ಸೋರತೊಡಗಿತು. "ಇಷ್ಟಕ್ಕ ಅವರನ್ಯಾಕ ಕರೀಬೇಕು?" ಎಂದು ಅತ್ತೆ ಸೆರಗಿನಿಂದ ನೂಲೆಳೆದು ಬಾಯಲ್ಲಿ ನೆನೆಸಿದರು. ಮಗ್ಗದಲ್ಲಿ ಎಳೆ ಹರಿದಾಗ ನಾವೆಲ್ಲ ಹಾಗೇ ಎಂಜಲು ಹಚ್ಚಿ ಹೊಸೆಯುತ್ತೇವೆ. ಅದೇ ನೂಲು ಸುತ್ತಿ ಜೋಡಣೆ ಬಿಗಿಯಲು ಹೊರಟಿದ್ದರು.

ಮದುವೆಯಾದಾಗಿನಿಂದ ನಾನು ಅವರಿಗೆ ಎದುರಾಡಿದವಳಲ್ಲ.

"ಅತ್ತೀ, ಬ್ಯಾಡ್ರಿ."

"ಸುಮ್ನ ಮಲ್ಕೋಬೇ. ನೂಲಿನ ಕೆಲಸ ನನಗ ಕಲಸ್ತೀ ಏನು?" ನಳಿಕೆಯನ್ನು ಕಳಚಿಯೇಬಿಟ್ಟರು. ತುದಿಯನ್ನು ಸೆರಗಿನಿಂದ ಒರೆಸಿದರು.

ಚೀರಿದೆ. ಹೊಲಿಗೆ ಹಾಕಿದಲ್ಲಿ ಕಿತ್ತು ಬಂದಂತಾಯಿತು.

ನರ್ಸಬಾಯಿ ಓಡಿಬಂದು ನಳಿಕೆಯನ್ನು ಮಡಚಿ ಹಿಡಿದರು. ಬಾಟಲಿ, ನಳಿಕೆ, ಸೂಜಿ ಎಲ್ಲವನ್ನೂ ತೆಗೆದರು. ಬೇರೆ ಕುದಿಸಿ ತಂದು, ಸ್ಪಿರಿಟ್ ಹಚ್ಚಿ ಬಲತೋಳಿಗೆ ಚುಚ್ಚಿದರು. "ಚಳಿ ಹತ್ತಿದ್ರ ತಡಾ ಮಾಡಬ್ಯಾಡ, ಕರಿ" ಎಂದರು.

ಆಮೇಲೆ ಕಾಯುವುದಷ್ಟೇ ಉಳಿಯಿತು. ಕಿಟಕಿಯ ಗಾಳಿಗೆ ಮೈ ಜುಮ್ಮೆಂದರೂ ಅದೇ ನಂಜಿನ ಚಳಿ ಬಂತೇನೋ ಎಂದು ಹಲ್ಲು ಕಚ್ಚಿ ಮಲಗಿದೆ. ಮನೆಯಲ್ಲಿ ಇನ್ನೂ ಮೊಲೆ ಬಿಡದ ಮಗಳಿದ್ದಳು. ಅತ್ತೆಯ ಮೇಲೆ ಕೆಂಡದಂಥ ಸಿಟ್ಟು ಬಂತು. ದವಾಖಾನೆಯ ಪಡಸಾಲೆಯಲ್ಲಿ ರೊಟ್ಟಿಯ ಬುತ್ತಿ ಬಿಚ್ಚದೆ ಕೂತಿದ್ದ ಅವರನ್ನು ಕಂಡು ಅಳುವೂ ಬಂತು. ನನ್ನ ಒಳ್ಳೆಯದಕ್ಕೆಂದೇ ಮಾಡಹೋಗಿದ್ದರು.

ಬೆಳಗ್ಗೆ ಡಾಕ್ಟರ್ ಥರ್ಮಾಮೀಟರನ್ನು ಬೆಳಕಿಗೆ ಹಿಡಿದರು. "ಜ್ವರ ಇಲ್ಲ ತಂಗಿ. ಪಾರಾದಿ."

ಅತ್ತೆ ಆಗ ಒಳಗೆ ಬಂದರು. ಮೊಣಕೈತನಕ ಸಾಬೂನು ಹಚ್ಚಿ ತೊಳೆದ ಕೈಗಳನ್ನು ಮುಂದೆ ಚಾಚಿ ನರ್ಸಬಾಯಿಯನ್ನು ಕೇಳಿದರು: "ಈಗ ಮುಟ್ಟಬಹುದೇನ್ರಿ?"

"ನಳಿಕಿ ಅಲ್ಲ. ಸೊಸೀನ್ನ ಮುಟ್ರಿ."

ಅತ್ತೆ ನನ್ನ ಹಣೆಯ ಮೇಲೆ ಕೈ ಇಟ್ಟರು. ಕೈ ಇನ್ನೂ ಒದ್ದೆಯಾಗಿತ್ತು. ತೆಗೆಯಲು ಹೋದರು, ನಾನು ಬಿಡಲಿಲ್ಲ.