ಚಿಗವ್ವನ ನೀಲಿ ಹರಳು

ಹರಳು ಗುರುತಿಸೋದು ಕಲಿಯಾಕ ನಾನು ಆಳಂದದಿಂದ ಭಾನುವಾರಕ್ಕೊಮ್ಮೆ ಕಲಬುರಗಿಗೆ ಬಸ್ಸು ಹತ್ತಿದಾಗ ಮನಿಯವರೆಲ್ಲಾ ನಕ್ಕರು. ಈ ವಯಸ್ಸಿನಾಗ ಕಲಿತು ಏನು ಮಾಡಾಕಿ ಅಂದ್ರು. ನನಗ ಯಾರರ ಬ್ಯಾಡ ಅಂದ್ರ ಮುಗೀತು, ಅದನ್ನೇ ಮಾಡಬೇಕನ್ನಿಸ್ತದ.

ಮೊದಲನೇ ದಿನ ಮಾಸ್ತರು ಒಂದು ಕೆಂಪು ಹರಳು ಮುಂದಿಟ್ಟರು. ನೋಡಿದ ಕೂಡಲೇ ಮಾಣಿಕ್ಯ ಅಂದೆ.

"ಹೆಸರು ಆಮ್ಯಾಲ ಹೇಳ್ರಿ. ಮೊದಲ ಕಣ್ಣಿಗೆ ಏನು ಕಾಣಸ್ತದ ಅದನ್ನ ಹೇಳ್ರಿ" ಅಂದ್ರು.

ಅದು ಮಾಣಿಕ್ಯ ಆಗಿರಲಿಲ್ಲ. ಸಿಟ್ಟು ನೆತ್ತಿಗೇರಿತು, ಆದರ ಅವರು ಹೇಳಿದ್ದು ಖರೇ ಇತ್ತು. ಬಣ್ಣ ಒಂದನ್ನೇ ನಂಬಿದವರು ಕೆಟ್ಟರು. ಹರಳನ್ನ ಚಿಮಟಿಗಿಯಿಂದ ಹಿಡಿದು, ಭೂತಗನ್ನಡಿ ಕಣ್ಣಿಗೆ ಹತ್ತಿಸಿ, ಮಗ್ಗಲಿಂದ ಬೆಳಕು ಬಿಟ್ಟು ಅದರ ಹೊಟ್ಟ್ಯಾಗ ನೋಡಬೇಕು. ಭೂಮ್ಯಾಗ ಹುಟ್ಟಿದ ನೀಲದೊಳಗ ಸಣ್ಣ ಸೂಜಿಯಂಥ ಗೆರಿ ಇರಬಹುದು, ನೆಟ್ಟಗಿನ ಬಣ್ಣದ ಪಟ್ಟಿ ಇರಬಹುದು. ಗಾಜಿನೊಳಗ ಗುಂಡು ಗುಳ್ಳಿ, ತಿರುವಿದ ಬೆಲ್ಲದ ಪಾಕದಂಥ ಸುರುಳಿ. ಅಷ್ಟು ತಿಳಿದ ಮ್ಯಾಲ ನನಗ ಭಾನುವಾರ ಯಾವಾಗ ಬರ್ತದೋ ಅನ್ನಿಸಾಕತ್ತಿತು.

ಆವಾಗ ನನ್ನ ಚಿಗವ್ವ ನೆನಪಾದಳು. ನಮ್ಮವ್ವನ ತಂಗಿ, ಜೇವರ್ಗಿ ಕಡೆ ಕೊಳಕೂರದಾಗ ಇರ್ತಾಳ. ಆಕಿ ಗಂಡ, ನಮ್ಮ ಕಾಕಾಗ ಶನಿ ಕಾಡಾಕತ್ತದ ಅಂತ ಯಾರೋ ಹೇಳಿದ್ದಕ್ಕ ಆಕಿ ಅಫಜಲಪುರ ಸಂತ್ಯಾಗ ನೀಲದುಂಗುರ ತಂದು ಅವರ ಬೆರಳಿಗೆ ಹಾಕಿದ್ದಳು. ನಮ್ಮ ಕಡೆ ನೀಲ ಹಾಕ್ಕೊಳ್ಳೋಕಿಂತ ಮೊದಲ ಮೂರು ರಾತ್ರಿ ದಿಂಬಿನ ಕೆಳಗ ಇಟ್ಟು ಮಲಗತಾರ. ಕೆಟ್ಟ ಕನಸು ಬಿದ್ರ ಹೊಳ್ಳಿ ಕೊಡ್ತಾರ. ಚಿಗವ್ವ ಇಡಲಿಲ್ಲ. ಅದೇ ವರ್ಷ ಕಾಕಾ ಎದಿನೋವು ಬಂದು ತೀರಿಕೊಂಡ್ರು. "ದಿಂಬಿನ ಕೆಳಗ ಇಡಲಾರದ ಹಾಕಿಸಿದಿ, ನುಂಗಿ ಹಾಕಿತು" ಅಂದ್ರು ಕಾಕಾನ ಅಕ್ಕ. ಒಮ್ಮೆ ಅಂದು ಬಿಟ್ಟರು, ಚಿಗವ್ವ ಮಾತ್ರ ಅದನ್ನ ಎದ್ಯಾಗ ಇಟ್ಟುಕೊಂಡೇ ಬದುಕಿದಳು. ಯಾವ ಹರಳೂ ಯಾರನ್ನೂ ಕೊಲ್ಲೂದಿಲ್ಲ ಬೇ ಅಂತ ಹೇಳಿ ಹೇಳಿ ನನ್ನ ಗಂಟಲ ಹರೀತು. ಆಕಿಗೆ ಹತ್ತಲೇ ಇಲ್ಲ.

ಕೊಳಕೂರಕ್ಕ ಹೋಗಿ ಉಂಗುರ ಕೇಳಿದೆ. ಆಕಿ ಅದನ್ನ ಮುಟ್ಟಲಾರದ, ಡಬ್ಬಿ ಸಮೇತ ನನ್ನ ಕಡೆ ಸರಿಸಿದಳು. ಭೂತಗನ್ನಡಿಯಾಗ ನೋಡಿದೆ. ಗಡಿಬಿಡಿಲೆ ಹೆಸರು ಹೇಳಲಾರದ, ಡಬ್ಬಿ ಚೀಲದಾಗ ಹಾಕ್ಕೊಂಡೆ. ಮಾಸ್ತರ ಮಾತು ಅಷ್ಟರ ಮಟ್ಟಿಗೆ ಹತ್ತಿತ್ತು. ಮುಂದಿನ ಭಾನುವಾರ ಅವರ ಮುಂದ ಹರಳು ಪರೀಕ್ಷಾ ಮಾಡೋ ಯಂತ್ರಕ್ಕಿಟ್ಟು ಖಾತ್ರಿ ಮಾಡ್ಕೊಂಡು, ಮರುದಿನವೇ ಹೊಳ್ಳಿ ಹೋದೆ.

"ಚಿಗವ್ವ, ಇದು ನೀಲ ಅಲ್ಲ. ಬರೇ ಗಾಜು."

"ನನ್ನ ಸಮಾಧಾನಕ್ಕ ಹೇಳಾಕತ್ತೀಯೇನು?"

ಭೂತಗನ್ನಡಿ ಆಕಿ ಕೈಯಾಗ ಕೊಟ್ಟೆ, ಹೆಂಗ ಹಿಡೀಬೇಕು ತೋರಿಸಿದೆ. ಭಾಳ ಹೊತ್ತು ನೋಡಿದಳು. "ಗುಳ್ಳಿ ಅವ" ಅಂದಳು. ಆಮ್ಯಾಲ ಭಾಳ ಸಣ್ಣ ದನಿಯಾಗ, "ಹಂಗಾರ ನನ್ನಿಂದ ಅಲ್ಲ" ಅಂದಳು. ನಂಗ ತಡಕೊಳ್ಳಾಕ ಆಗಲಿಲ್ಲ, ಇಬ್ಬರೂ ಅತ್ತಿವಿ.

ಮಗ್ಗಲ ಮನಿಯಿಂದ ಕಾಕಾನ ಅಕ್ಕನ್ನ ನಾನೇ ಕರಕೊಂಡು ಬಂದೆ. ಜಗಳಾ ಮಾಡಬೇಕಂತ ಮಾತು ಜೋಡಿಸಿಕೊಂಡಿದ್ದೆ. ಅವರೂ ಕಣ್ಣಿಗೆ ಹತ್ತಿಸಿ ನೋಡಿದ್ರು, ಕೆಳಗಿಟ್ಟರು.

"ನಮ್ಮಪ್ಪಗೂ ಎದಿನೋವೇ ಇತ್ತು" ಅಂದ್ರು.

ಚಿಗವ್ವ ಅವರಿಗೆ ಚಾ ಕೊಟ್ಟಳು. ಆಮ್ಯಾಲ ಉಂಗುರ ಸಾಬೂನು ಹಚ್ಚಿ ತೊಳೆದು, ಸೆರಗಿನಿಂದ ಒರಸಿ ತನ್ನ ಬೆರಳಿಗೆ ಹಾಕಿಕೊಂಡಳು. ಕಾಕಾನ ಬೆರಳು ದಪ್ಪ, ಆಕಿಗೆ ಸಡ್ಲ ಆಯ್ತು. ಕೆಳಗ ದಾರ ಸುತ್ತಿ ಬಿಗಿ ಮಾಡ್ಕೊಂಡಳು. ಇನ್ನೂ ತೆಗದಿಲ್ಲ.