ಪೂರ್ವಜ್ಞಾನದ ಕಾಲಂ

ಆರಡಿಗೆ ಹತ್ತಿರದ ಎತ್ತರ. ಏಳನೇ ಕ್ಲಾಸಿನ ಮಕ್ಕಳ ಬೆಂಚಿನೊಳಗೆ ಅವರ ಮೊಣಕಾಲು ಹಿಡಿಯುತ್ತಿರಲಿಲ್ಲ. ಪಕ್ಕಕ್ಕೆ ತಿರುಗಿ, ಎರಡೂ ಕಾಲು ಹೊರಗೆ ಹಾಕಿ, ಅರೆನೆರೆತ ಜಡೆಯನ್ನು ಮುಂದಕ್ಕೆಳೆದುಕೊಂಡು ಕೂರುತ್ತಿದ್ದರು. ಶಿವಮೊಗ್ಗದ ಬಿ.ಎಡ್. ಕಾಲೇಜಿನಲ್ಲಿ ನಮಗೆ ಪಾಠ ಮಾಡುವುದನ್ನು ಕಲಿಸಿದ ಮೇಡಂ ಅವರು. ನಾವು ಶಾಲೆಗಳಿಗೆ ಹೋಗಿ ಪಾಠ ಮಾಡುವಾಗ ನೋಡಿ ಅಂಕ ಕೊಡುವವರೂ ಅವರೇ. ಬೇರೆ ಲೆಕ್ಚರರುಗಳು ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡರೆ ಇವರಿಗೆ ಕೊನೆಯ ಬೆಂಚೇ ಆಗಬೇಕು.

ಪಾಠಯೋಜನೆಯ ಪುಸ್ತಕದಲ್ಲಿ ‘ಪೂರ್ವಜ್ಞಾನ’ ಎಂದೊಂದು ಕಾಲಂ ಇರುತ್ತದೆ. ಪಾಠಕ್ಕೆ ಮೊದಲೇ ಮಕ್ಕಳಿಗೆ ಏನು ಗೊತ್ತಿದೆ ಎಂದು ಅಲ್ಲಿ ಬರೆಯಬೇಕು. ನಾವೆಲ್ಲ ಹಿಂದಿನ ವರ್ಷದವರ ಪುಸ್ತಕ ನೋಡಿ ಇಳಿಸುತ್ತಿದ್ದೆವು. ಮೇಡಂ ಮೊದಲು ಓದುತ್ತಿದ್ದುದೇ ಅದನ್ನು.

“ಮಕ್ಕಳಿಗೆ ಗೊತ್ತಿದೆ ಅಂತ ಬರ್ದಿದೀಯ. ಯಾವ ಮಗೂಗೆ? ಹೆಸರು ಹೇಳು ನೋಡಣ.”

ಹೆಸರು ಬಾರದಿದ್ದರೆ ಪುಸ್ತಕ ವಾಪಸ್ಸು. ತರಬೇತಿಯ ವರ್ಷದ ಯೋಜನೆ ಹಾಕುವ ಸಭೆಯಲ್ಲೂ ಅವರದು ಒಂದೇ ಹಠವಂತೆ: ಶಾಲೆಗೆ ಹೋದ ಮೊದಲ ವಾರ ನಾವು ಪಾಠ ಮಾಡಕೂಡದು, ಮಕ್ಕಳ ಪಕ್ಕ ಸುಮ್ಮನೆ ಕೂತಿರಬೇಕು. “ಅಷ್ಟು ದಿನ ಎಲ್ಲಿಂದ ತರೋದು ಮೇಡಂ?” ಎಂದು ಪ್ರಿನ್ಸಿಪಾಲರು ಅದನ್ನು ಎರಡು ದಿನಕ್ಕೆ ಇಳಿಸಿದ್ದರು. ಆ ಎರಡು ದಿನವನ್ನೂ ನಾವು ಚಾರ್ಟು ಬರೆಯುತ್ತ ಕಳೆದೆವು.

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಬದಿಯ ಶಾಲೆಯಲ್ಲಿ ನನ್ನ ಐದನೇ ಪಾಠ. ಒಬ್ಬ ಹುಡುಗಿಗೆ ಮೂರು ಸಲ ಪ್ರಶ್ನೆ ಕೇಳಿದೆ. ಎದ್ದು ನಿಂತವಳು ಬಾಯಿ ಬಿಡಲಿಲ್ಲ. ಉಳಿದವರು ಕಿಸಕ್ಕನೆ ನಕ್ಕರು. ಅಂಕ ಹೋಯಿತೆಂಬ ಸಿಟ್ಟಿಗೆ ಸ್ಕೇಲ್ ಎತ್ತಿದೆ.

“ಬೇಡ!”

ಮೇಡಂ ಎದ್ದು ನಿಂತಿದ್ದರು. ಮುಖ ಬಿಳಿಚಿಕೊಂಡಿತ್ತು. ಬಂದು ಹುಡುಗಿಯನ್ನು ಕೂರಿಸಿ, ತಮಿಳಿನಲ್ಲಿ ಏನೋ ಕೇಳಿದರು. ಅವಳು ತಕ್ಷಣ ಉತ್ತರ ಹೇಳಿದಳು. ಆ ಶಾಲೆಗೆ ಬಂದು ಅವಳಿಗಿನ್ನೂ ಎಂಟೇ ದಿನವಾಗಿತ್ತು, ಕನ್ನಡ ಬರುತ್ತಿರಲಿಲ್ಲ.

ಶಿವಮೊಗ್ಗಕ್ಕೆ ಮರಳುವ ಬಸ್ಸಿನಲ್ಲಿ ನನ್ನನ್ನು ಪಕ್ಕ ಕೂರಿಸಿಕೊಂಡರು. ಬೈಗುಳಕ್ಕೆ ಕಾದಿದ್ದೆ. ಅವರು ಕಿಟಕಿಯ ಕಡೆ ನೋಡುತ್ತ ಹೇಳತೊಡಗಿದರು.

“ನನ್ನ ಮೊದಲ್ನೇ ಕೆಲ್ಸ ಹೊಳೆಹೊನ್ನೂರು ಕಡೆ. ಶಾಲೇಲಿ ಮೊದಲ್ನೇ ದಿನ. ಒಂದು ಹುಡುಗೀನ ಹೆಸರೇನು ಅಂತ ಮೂರು ಸಲ ಕೇಳ್ದೆ. ಸುಮ್ನೆ ನನ್ನ ಮುಖ ನೋಡ್ತಾ ನಿಂತಿದ್ಲು. ಕೊಬ್ಬು ಅನ್ಕೊಂಡು ಕೆನ್ನೆಗೆ ಹೊಡ್ದೆ. ಆಮೇಲೆ ಮಕ್ಕಳು ಹೇಳಿದ್ವು, ಟೀಚರ್, ಅವಳಿಗೆ ಹುಟ್ಟಿದಾಗಿಂದ ಕಿವಿ ಕೇಳ್ಸಲ್ಲ ಅಂತ.”

ಮರುದಿನ ಅವಳು ಬರಲಿಲ್ಲ. ಮೂರನೇ ದಿನ ಮೇಡಂ ಹುಡುಕಿಕೊಂಡು ಹೋದರು. ಭತ್ತದ ಕೊಯ್ಲಿಗೆಂದು ಎಲ್ಲಿಂದಲೋ ಬಂದಿದ್ದ ಮನೆಯವರು ಬಿಡಾರ ಕಿತ್ತುಕೊಂಡು ಹೋಗಿದ್ದರು. ಒಲೆಯ ಕಲ್ಲುಗಳಷ್ಟೇ ಇದ್ದವು. ಹಾಜರಿ ಪುಸ್ತಕಕ್ಕೆ ಅವಳ ಹೆಸರಿನ್ನೂ ಏರಿರಲಿಲ್ಲ.

“ಈಗ ಮೂವತ್ತೈದು ದಾಟಿರುತ್ತೆ ಅವಳಿಗೆ,” ಎಂದರು.

ಆಮೇಲೆ ನಾನು ಗಮನಿಸತೊಡಗಿದೆ. ಭದ್ರಾವತಿ ಬಸ್‌ಸ್ಟ್ಯಾಂಡಿನಲ್ಲಿ ಹೊಳೆಹೊನ್ನೂರಿನ ಬಸ್ಸು ಬಂದರೆ ಮೇಡಂ ಮಾತು ನಿಲ್ಲಿಸಿ, ಇಳಿಯುವ ಹೆಂಗಸರ ಮುಖ ನೋಡುತ್ತಿದ್ದರು. ಕೋರ್ಸು ಮುಗಿದ ಮೇಲೂ ಆಗಾಗ ಅವರ ಜೊತೆ ಅಲ್ಲಿ ಬಸ್ಸಿಗೆ ಕಾದಿದ್ದೇನೆ; ವರ್ಷ ಕಳೆದಂತೆ ಇನ್ನಷ್ಟು ವಯಸ್ಸಾದ ಮುಖಗಳ ಕಡೆ ಅವರ ನೋಟ ಸರಿಯುತ್ತಿತ್ತು.

ನಾನು ಟೀಚರಾದೆ. ಇಷ್ಟು ವರ್ಷದಲ್ಲಿ ಒಂದು ಮಗುವಿನ ಮೇಲೂ ಕೈ ಮಾಡಿಲ್ಲ. ಅದು ಅವರ ಋಣ. ಯಾವಾಗ ಫೋನ್ ಮಾಡಿದರೂ ಅವರು ಕೊನೆಗೆ ಕೇಳುತ್ತಿದ್ದುದು ಒಂದೇ: “ಆ ಕಡೆ ಹೋಗಿದ್ಯಾ? ಎಲ್ಲಾದ್ರೂ ಕಂಡ್ಲಾ?”

ಹೋದ ವರ್ಷ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಅದನ್ನೇ ಕೇಳಿದರು. ಡಾಕ್ಟರು ಆಸೆ ಬಿಟ್ಟಿದ್ದರು. ನೆಮ್ಮದಿಯಾಗಿ ಹೋಗಲಿ ಎಂದು ಸುಳ್ಳು ಹೇಳಿದೆ.

“ಸಿಕ್ಕಿದ್ಲು ಮೇಡಂ, ಸಂತೇಲಿ. ಮೊಮ್ಮಕ್ಕಳಿದಾರೆ. ನಿಮ್ಮ ವಿಷ್ಯ ಹೇಳ್ದೆ. ಟೀಚರ್ ಮೇಲೆ ನಂಗೇನೂ ಬೇಜಾರಿಲ್ಲ ಅಂದ್ಲು.”

ಅವರ ಕಣ್ಣು ಅರಳಿತು. “ಅಂದ್ಲಾ?”

“ಹ್ಞೂಂ ಮೇಡಂ.”

ನನ್ನನ್ನೇ ನೋಡಿದರು. ನೋಟದಲ್ಲಿ ಸಿಟ್ಟಿರಲಿಲ್ಲ.

“ಹುಟ್ಟುಗಿವುಡಿ ಕಣೇ ಅವಳು,” ಎಂದರು. “ಮಾತು ಎಲ್ಲಿಂದ ಬರ್ಬೇಕು ಮಾರಾಯ್ತಿ?”

ನಿಧಾನವಾಗಿ ಗೋಡೆಯ ಕಡೆಗೆ ಹೊರಳಿಕೊಂಡರು. ನಾನು ಹೊದಿಕೆ ಸರಿಮಾಡಿ ಹೊರಗೆ ಬಂದೆ. ಮೂರನೇ ದಿನ ತೀರಿಕೊಂಡರು. ಅವರಿಂದ ಇಷ್ಟೆಲ್ಲ ಕಲಿತ ನಾನು ಅವರಿಗೆ ಹೇಳಿದ ಕೊನೆಯ ಮಾತು ಆ ‘ಹ್ಞೂಂ’.